ಊದುಗನ್ನಡಿಯ ಲೆಕ್ಕ

ಪರಸಿಹಾಳದ ಮಕ್ಕಳು ಆ ವರ್ಷ ಬೆಳಿಗ್ಗೆ ಮುಖ ತೊಳೆಯುವುದನ್ನು ಮರೆತರೂ ಮರೆಯುತ್ತಿದ್ದರು, ಕನ್ನಡಿ ಊದುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಶಾಲೆಯ ಬಾಗಿಲಲ್ಲಿ, ರೇಷನ್ ಅಂಗಡಿಯ ಕಟ್ಟೆಯ ಮೇಲೆ, ಬಸ್ ನಿಲ್ದಾಣದಲ್ಲಿ, ಹಿಟ್ಟಿನ ಗಿರಣಿಯ ಮುಂದೆ, ಎಲ್ಲೆಲ್ಲೂ ಅಂಗೈಯಗಲದ ಒಂದು ಗಾಜು. ಅದರ ಮೇಲೆ ಉಸಿರು ಬಿಟ್ಟರೆ ಮಂಜು ಕಟ್ಟುತ್ತಿತ್ತು. ಮಂಜು ಬೆಳ್ಳಗೇ ಉಳಿದರೆ ನಗುತ್ತ ಒಳಗೆ ಓಡಬಹುದು. ಕುಂಕುಮದ ನೀರಿನಂತೆ ಕೆಂಪಾದರೆ ಅಲ್ಲೇ ನಿಲ್ಲಬೇಕು.

ಊರಿನ ಸುತ್ತ ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಗಳಲ್ಲಿ ನೀರು ನಿಂತಿತ್ತು. ಆ ನೀರಿನಿಂದ ಎದ್ದ ಒಂದು ಸೂಕ್ಷ್ಮಜೀವಿ ಎದೆಯೊಳಗೆ ಸೇರಿ ಮಬ್ಬುಸಿರು ಎಂಬ ಹೊಸ ಕಾಯಿಲೆ ತರುತ್ತಿತ್ತು. ಬೇಗ ಗೊತ್ತಾದರೆ ಆರು ವಾರದ ಗುಳಿಗೆ, ಪೂರ್ತಿ ಗುಣ. ತಡವಾದರೆ ಮಗುವಿನ ಎದೆ ಜೀವಮಾನವಿಡೀ ಹಳೆಯ ತಿದಿಯಂತೆ ಸುಯ್ಗುಡುವುದು. ಒಂದು ಮಗುವಿನಿಂದ ಇನ್ನೊಂದಕ್ಕೆ ಹಬ್ಬುತ್ತದೆಂದು ಕೆಂಪಾದ ಮಕ್ಕಳನ್ನು ಊರಾಚೆಯ ಆರೈಕೆ ಮನೆಗೆ ಒಯ್ಯುತ್ತಿದ್ದರು. ಅಲ್ಲಿ ಈಗ ಒಂದು ಮಂಚಕ್ಕೆ ಇಬ್ಬಿಬ್ಬರು ಮಕ್ಕಳು. ತಾಯಂದಿರಿಗೆ ಒಳಗೆ ಜಾಗವಿರಲಿಲ್ಲ. ಅವರು ಗಾಜಿನ ಗೋಡೆಯ ಹೊರಗೆ ನಿಂತು ಕೈ ಬೀಸಿ ಬರುತ್ತಿದ್ದರು.

ನೀಲಗಂಗಾಳಿಗೆ ಇದೆಲ್ಲ ಇತರರಿಗಿಂತ ಹೆಚ್ಚು ಗೊತ್ತಿತ್ತು. ಊರಿನ ರೋಗ ನಿಗಾ ಕೇಂದ್ರದಲ್ಲಿ ಕೂತು ಎಲ್ಲ ಕನ್ನಡಿಗಳ ಲೆಕ್ಕ ನೋಡುವವಳು ಅವಳೇ. ಕನ್ನಡಿ ಕೆಂಪಾದಾಗ ಪಕ್ಕದಲ್ಲಿ ಒಂದು ಅಂಕಿ ಮೂಡುತ್ತಿತ್ತು: ಹೀಗೆ ಕೆಂಪಾದವರಲ್ಲಿ ನೂರಕ್ಕೆ ಎಷ್ಟು ಜನರಿಗೆ ನಿಜವಾಗಿ ಕಾಯಿಲೆ ಇರಬಹುದು ಎಂದು. ಆ ಅಂಕಿಯನ್ನು ಕೊಡುತ್ತಿದ್ದುದು 'ಅಂದಾಜು' ಎಂಬ ತಂತ್ರಾಂಶ. ಅಂಕಿ ಐವತ್ತಕ್ಕಿಂತ ಕೆಳಗಿದ್ದರೆ ಮಗುವಿನ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಎರಡನೆಯ ಪರೀಕ್ಷೆ ಮಾಡಬೇಕು. ಐವತ್ತು ದಾಟಿದರೆ ಅನುಮಾನವೇಕೆ, ಹನಿ ಪರೀಕ್ಷೆಯ ಸಾಮಾನು ಯಾಕೆ ದಂಡ ಮಾಡಬೇಕು, ಸೀದಾ ಆರೈಕೆ ಮನೆಯ ವ್ಯಾನು. ನಿಯಮ ಹಾಗಿತ್ತು. ಕನ್ನಡಿಗಳು ಹೊಸದಾಗಿ ಬಂದಾಗ ಅಂಕಿ ಒಂದಂಕಿಯಲ್ಲೇ ಇತ್ತು. ವಾರ ಕಳೆದಂತೆ ಏರುತ್ತ ಏರುತ್ತ ಈಗ ಎಂಬತ್ತಮೂರಕ್ಕೆ ಬಂದು ನಿಂತಿತ್ತು.

ಅವತ್ತು ಮಧ್ಯಾಹ್ನ ಅವಳು ಬುತ್ತಿ ಬಿಚ್ಚುವ ಹೊತ್ತಿಗೆ ಶಾಲೆಯ ಅಂಗನವಾಡಿಯಿಂದ ಫೋನು ಬಂತು.

"ನೀಲಗಂಗಾ ಮೇಡಂ, ಸಂಪಿಗೆ ಊದಿದ್ದು ಕೆಂಪ ಬಂತ್ರೀ," ಎಂದರು ಅಂಗನವಾಡಿ ಟೀಚರು, ತಮ್ಮದೇ ತಪ್ಪು ಎಂಬಂತೆ. "ನಿಮ್ಮತ್ತಿ ಬಂದು ಕರ್ಕೊಂಡು ಹೋದ್ರು. ಹೆಸರು ಬರಸೀನಿ. ನಾಳೆ ಮುಂಜಾನೆ ವ್ಯಾನ್ ಬರ್ತದ."

ರೊಟ್ಟಿ ಮುರಿದ ಕೈ ಹಾಗೇ ನಿಂತಿತು. ಸಂಪಿಗೆ, ಐದು ವರ್ಷದ ಅವಳ ಒಬ್ಬಳೇ ಮಗಳು. ಇನ್ನೂ ತಾಯಿಯ ಸೆರಗಿನ ಚುಂಗು ಹಿಡಿಯದೆ ನಿದ್ದೆ ಹೋದವಳಲ್ಲ.

ನೀಲಗಂಗಾ ಮನೆಗೆ ಬಂದಾಗ ಮಗಳು ಪಡಸಾಲೆಯಲ್ಲಿ ಕೂತು ಬೆಲ್ಲ ಶೇಂಗಾ ತಿನ್ನುತ್ತಿದ್ದಳು. ಅತ್ತೆ ಶಿವಲೀಲವ್ವ ಜೋಳದ ಮೊರ ಮುಂದಿಟ್ಟುಕೊಂಡಿದ್ದರು, ಆದರೆ ಕೈ ಆಡುತ್ತಿರಲಿಲ್ಲ. ಗಂಡ ಮಹಾಂತೇಶ ಬಿಸಿಲು ವಿದ್ಯುತ್ತಿನ ಹೊಲದಲ್ಲಿ ವಾರದ ಪಾಳಿಯಲ್ಲಿದ್ದ. ಬರಲು ಇನ್ನೂ ದಿನಗಳಿದ್ದವು.

"ಅವ್ವಾ, ನಾ ಕೆಂಪ ಮಾಡಿದ್ನಿ!" ಎಂದಳು ಸಂಪಿ, ದೊಡ್ಡ ಸಾಧನೆ ಹೇಳುವವಳಂತೆ. "ಸಾಲಿ ಕನ್ನಡ್ಯಾಗ ಕೆಂಪ, ಗಿರಣಿ ಕನ್ನಡ್ಯಾಗೂ ಕೆಂಪ!"

"ಗಿರಣಿಗೆ ಯಾಕ ಹೋಗಿದ್ಯವ್ವಾ?"

ಶಿವಲೀಲವ್ವ ತಲೆ ತಗ್ಗಿಸಿದರು. ಆಮೇಲೆ ತಗ್ಗಿಸಿದ ತಲೆಯನ್ನು ಎತ್ತಿಯೇ ಬಿಟ್ಟರು.

"ನಾನ ಕರ್ಕೊಂಡು ಹೋಗಿದ್ನಿ. ಸಾಲ್ಯಾಗಿಂದು ಸುಳ್ಳ ಇದ್ದೀತು ಅಂತ ಗಿರಣಿಗೆ ಹೋದ್ನಿ. ಅಲ್ಲೂ ಕೆಂಪ. ರೇಷನ್ ಅಂಗಡಿ, ಬಸ್ ಸ್ಟ್ಯಾಂಡು, ಹನುಮಪ್ಪನ ಗುಡಿ ಮುಂದಿಂದು. ಐದೂ ಕಡೆ ಊದಿಸಿದ್ನಿ. ಒಂದಾದ್ರೂ ಬೆಳ್ಳಗ ಆಗಬಾರದೇನ? ಸುಡುಗಾಡು ಕನ್ನಡಿ!"

"ಅತ್ತೀ, ಒಂದ ಸಲ ಊದಿದ್ರ ಸಾಕಾಗಿತ್ತಲ್ಲ."

"ಏನ್ ಸಾಕಾಗ್ತದ? ಹನುಮಪ್ಪಗ ಹೂವ ಹಚ್ಚಿ ಪ್ರಸಾದ ಕೇಳ್ತೀವಿ. ಎಡಕ್ಕ ಬಿದ್ರ ಸುಮ್ನ ಎದ್ದ ಬರ್ತೀವೇನು? ಮತ್ತ ಕೇಳ್ತೀವಿ. ಬಲಕ್ಕ ಬೀಳೂತನಾ ಕೇಳ್ತೀವಿ. ನಾನೊಬ್ಬಾಕಿ ಅಲ್ಲ, ನೀಲಾ. ಓಣ್ಯಾಗ ಯಾರ ಕೂಸು ಕೆಂಪ ಆದ್ರೂ ಹಿಂಗ. ಗುಡಿ ಮುಂದ ಸಾಲು ಹಚ್ಚ್ಯಾರ ಹೆಣ್ಮಕ್ಕಳು, ಎಲ್ಲಾರೂ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಕೈಯಾಗ ಕೂಸು, ಬಾಯಾಗ ದೇವರ ಹೆಸರು."

ನೀಲಗಂಗಾ ಮಗಳ ಪಕ್ಕದಲ್ಲಿ ಕುಸಿದು ಕೂತಳು. ಮಗಳ ಹಣೆ ಮುಟ್ಟಿದಳು, ಎದೆಗೆ ಕಿವಿಯಿಟ್ಟಳು. ಶೇಂಗಾದ ವಾಸನೆ, ಪುಟ್ಟ ಗುಂಡಿಗೆಯ ಬಡಿತ, ಬೇರೇನೂ ಕೇಳಿಸಲಿಲ್ಲ. ಆದರೆ ತಲೆಯೊಳಗೆ ಅತ್ತೆಯ ಮಾತು ಸುತ್ತತೊಡಗಿತು. ಎಲ್ಲರೂ. ಐದೈದು ಕಡೆ.

ಕನ್ನಡಿಗಳು ಯಾರ ಹೆಸರನ್ನೂ ಇಟ್ಟುಕೊಳ್ಳುವುದಿಲ್ಲ. ಜನರ ಗುಟ್ಟು ಕಾಯಬೇಕೆಂದು ಕಾನೂನೇ ಹಾಗೆ ಮಾಡಿತ್ತು. ಒಂದು ಉಸಿರು, ಒಂದು ಎಣಿಕೆ. ಐದು ಸಲ ಊದಿದ ಸಂಪಿ ಕನ್ನಡಿಗಳ ಲೆಕ್ಕದಲ್ಲಿ ಐದು ಮಕ್ಕಳು, ಐದೂ ಕಾಯಿಲೆಯ ಮಕ್ಕಳು. ಬೆಳ್ಳಗಾದ ಮಗು ಒಮ್ಮೆ ಊದಿ ಆಟಕ್ಕೆ ಓಡುತ್ತದೆ. ಕೆಂಪಾದ ಮಗುವನ್ನು ಮಾತ್ರ ಊರೆಲ್ಲ ಊದಿಸುತ್ತಾರೆ.

"ಅತ್ತೀ, ಕೂಸಿನ್ನ ಎಲ್ಲೂ ಬಿಡಬ್ಯಾಡ್ರಿ, ಯಾರ ಹತ್ರನೂ ಆಡಾಕ ಕಳಸಬ್ಯಾಡ್ರಿ. ನಾ ಆಫೀಸಿಗೆ ಹೋಗಿ ಬರ್ತೀನಿ," ಎಂದು ಅವಳು ಎದ್ದಳು.

"ಈಗರ ಬಂದೀಯಲ್ಲ! ಊಟ?"

"ಬಂದು ಉಣ್ತೀನಿ."

ನಿಗಾ ಕೇಂದ್ರದ ಮುಖ್ಯಸ್ಥರು ಡಾಕ್ಟರ್ ಇನಾಮದಾರ. ಕೂದಲು ನೆರೆತ, ಮಾತು ಕಡಿಮೆಯ ಮನುಷ್ಯ. ನೀಲಗಂಗಾ ಪರದೆಯ ಮುಂದೆ ಕೂತು ಲೆಕ್ಕ ಬಿಡಿಸಿ ತೋರಿಸುವಾಗ ಅವರು ಹಿಂದೆ ನಿಂತು ಚಹಾ ಆರಿಸಿಕೊಳ್ಳುತ್ತಿದ್ದರು.

"ಕನ್ನಡಿಯ ಗುಣ ಬದಲಾಗಿಲ್ಲ ಸರ್," ಎಂದಳು. "ಕಾಯಿಲೆ ಇದ್ದವರು ನೂರು ಜನ ಊದಿದ್ರ ತೊಂಬತ್ತೈದು ಕೆಂಪ. ಇಲ್ಲದವರು ನೂರು ಜನ ಊದಿದ್ರ ಐದು ಸುಳ್ಳು ಕೆಂಪ. ಇವೆರಡೂ ಮೊದಲಿನ ಹಂಗ ಅದಾವ. ಅಂದಾಜಿಗೆ ಬೇಕಾಗಿದ್ದು ಮೂರನೇ ಸಂಗತಿ, ಊರಾಗ ಎಷ್ಟು ಮಂದಿಗೆ ಕಾಯಿಲೆ ಐತಿ ಅನ್ನೂದು. ಅದನ್ನ ಅದು ದಿನಾ ಕನ್ನಡಿಗಳಿಂದನ ತಗೋತದ. ಅಲ್ಲೇ ತಪ್ಪೈತಿ."

"ಅಂದ್ರ?"

"ಸಾವಿರ ಜನ ಇಟ್ಕೋರಿ. ಐದು ಮಂದಿಗೆ ನಿಜವಾದ ಕಾಯಿಲೆ. ಆ ಐದೂ ಹೆಚ್ಚುಕಮ್ಮಿ ಕೆಂಪ, ಸುಳ್ಳ ಕೆಂಪ ಐವತ್ತು. ಒಟ್ಟು ಐವತ್ತೈದು. ಆ ಐವತ್ತೈದೂ ಮನಿಯವರು ಐದೈದು ಸಲ ಊದಿಸಿದ್ರ ಇನ್ನೂರ ಎಪ್ಪತ್ತೈದು ಕೆಂಪ ಲೆಕ್ಕಕ್ಕ ಬರ್ತಾವ. ಅಂದಾಜು ಏನ್ ತಿಳಕೋತದ? ಊರಾಗ ಐದರಾಗ ಒಬ್ಬರಿಗೆ ಕಾಯಿಲೆ ಅಂತ. ಐದರಾಗ ಒಬ್ಬರಿಗೆ ಇದ್ರ ಕೆಂಪಾದವರಾಗ ನೂರಕ್ಕ ಎಂಬತ್ತಮೂರು ಮಂದಿಗೆ ನಿಜ. ಸಾವಿರಕ್ಕ ಐದ ಇದ್ರ ಬರೇ ಒಂಬತ್ತು."

ಇನಾಮದಾರರು ಚಹಾ ಬಟ್ಟಲನ್ನು ಮೇಜಿನ ಮೇಲಿಟ್ಟರು.

"ಮತ್ತ ಊದಿದಾಗ ಸುಳ್ಳ ಕೆಂಪ ಬೆಳ್ಳಗ ಆಗಬೇಕಲ್ಲ?"

"ಆಗೂದಿಲ್ಲ ಸರ್. ಕನ್ನಡಿ ಹಿಡಿಯೂದು ಕಾಯಿಲೆ ಜೀವಿಯ ವಾಸನಿ. ಕೆಲವರ ಹೊಟ್ಟಿಯೊಳಗಿನ ಬೇರೆ ಜೀವಿಗಳಿಗೂ ಅದೇ ವಾಸನಿ ಐತಿ. ಅವರು ಎಷ್ಟು ಸಲ ಊದಿದ್ರೂ ಕನ್ನಡಿ ಅದೇ ತಪ್ಪು ಮಾಡ್ತದ. ಒಬ್ಬ ಸಾಕ್ಷಿಯನ್ನ ಐದು ಸಲ ಕೇಳಿದ್ರ ಐದು ಸಾಕ್ಷಿ ಆಗೂದಿಲ್ಲ."

ಅವರು ಕಿಟಕಿಯ ಬಳಿ ಹೋಗಿ ನಿಂತರು. ಹೊರಗೆ ಆರೈಕೆ ಮನೆಯ ಬಿಳಿ ವ್ಯಾನುಗಳು ಸಾಲಾಗಿ ನಿಂತಿದ್ದವು.

"ನಿಮ್ಮ ಮಗಳ ಹೆಸರು ನಾಳಿನ ವ್ಯಾನಿನಾಗ ಐತಿ," ಎಂದರು, ತಿರುಗದೆ. "ಇದನ್ನ ನಾನು ಕೇಳಲೇಬೇಕು. ಅದಕ್ಕಾಗಿ ಬಂದೀರೇನು?"

"ಹೌದು ಸರ್. ಅದಕ್ಕಾಗಿನ ಮನಿಗೆ ಓಡಿ ಹೋದ್ನಿ, ಅದಕ್ಕಾಗಿನ ನಮ್ಮತ್ತಿ ಹೇಳಿದ್ದು ಕಿವಿಗೆ ಬಿತ್ತು. ಇಲ್ಲಾಂದ್ರ ಈ ಕುರ್ಚ್ಯಾಗ ಕೂತು ಇನ್ನೂ ಎಂಬತ್ತಮೂರು ಅಂತನ ಬರೀತಿದ್ನಿ. ಆದ್ರ ಲೆಕ್ಕಕ್ಕ ನನ್ನ ಮಗಳು ಯಾರಂತ ಗೊತ್ತಿಲ್ಲ." ಅವಳು ಕುರ್ಚಿಯನ್ನು ಅವರತ್ತ ತಿರುಗಿಸಿದಳು. "ಒಂದು ದಿನ ವ್ಯಾನ್ ತಡೀರಿ. ನಾಳೆ ಊರೆಲ್ಲಾ ಒಂದೇ ಸಲ ಊದಲಿ. ಯಾರೂ ಎರಡನೇ ಸಲ ಊದೂದಿಲ್ಲ. ನಿಜವಾದ ಸಂಖ್ಯೆ ಬರ್ತದ. ಅಂಕಿ ಐವತ್ತರ ಕೆಳಗ ಬಂದ್ರ ನಿಯಮದ ಪ್ರಕಾರ ಎಲ್ಲಾರಿಗೂ ಹನಿ ಪರೀಕ್ಷೆ. ಬೀರುವಿನಾಗ ಸಾಮಾನು ತುಂಬೈತಿ, ತಿಂಗಳಿಂದ ಯಾರೂ ಮುಟ್ಟಿಲ್ಲ. ನನ್ನ ಮಗಳ ಪರೀಕ್ಷೆ ಎಲ್ಲಾರಿಗಿಂತ ಕಡೀಗೆ ಮಾಡ್ರಿ."

"ಕಡೀಗೆ ಅಂದ್ರ ದಿನ ಹಿಡೀತಾವ."

"ಹಿಡೀಲಿ."

"ನೀವು ಹೇಳಿದ್ದು ತಪ್ಪಾದ್ರ, ಒಂದು ದಿನ ನಾಳಿನ ಪಟ್ಟಿಯ ನಲವತ್ತು ಮನಿಯಾಗ ಕಾಯಿಲೆ ಮಕ್ಕಳು ಉಳದ ಹಾಗ."

"ತಪ್ಪಾಗೂದಿಲ್ಲ ಸರ್," ಎಂದಳು ನೀಲಗಂಗಾ. ಹೇಳಿದ ಮೇಲೆ ತನ್ನ ಧೈರ್ಯಕ್ಕೆ ತಾನೇ ಬೆರಗಾದಳು. ಆದರೆ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಇನಾಮದಾರರು ಫೋನು ಎತ್ತಿಕೊಂಡು ವ್ಯಾನಿನ ಚಾಲಕನಿಗೆ, "ನಾಳೆ ರಜಾ ತಗೋ," ಎಂದರು.

ಊರಿಗೆ ಹೇಳುವುದು ಹೇಗೆ? ಫೋನಿಗೆ ಕಳಿಸಿದ ಸಂದೇಶಗಳನ್ನು ಯಾರೂ ಓದುತ್ತಿರಲಿಲ್ಲ. ಪರಸಿಹಾಳದಲ್ಲಿ ಎಲ್ಲರ ಕಿವಿಗೂ ಬೀಳುವ ದನಿ ಎಂದರೆ ಬೆಳಿಗ್ಗೆ ಬರುವ ಕಸದ ಗಾಡಿಯ ಮೈಕು ಒಂದೇ. ನೀಲಗಂಗಾ ಸಂಜೆ ಮನೆಗೆ ಬಂದು ದನಿ ಮುದ್ರಿಸಿಕೊಳ್ಳಲು ಅತ್ತೆಯ ಎದುರು ಫೋನು ಹಿಡಿದಳು.

"ನಾನು ಹೇಳಿದ್ರ ಆಫೀಸಿನ ಮಾತು ಅಂತಾರ. ನೀವು ಹೇಳ್ರಿ ಅತ್ತೀ."

"ನಾ ಏನ್ ಹೇಳ್ಲಿ? ನನಗ ಮೊದಲು ತಿಳೀಬೇಕಲ್ಲ. ಅದ ಕನ್ನಡಿ, ಅದ ಕೆಂಪು. ಇವತ್ತ ಎಂಬತ್ತಮೂರು, ನಾಳೆ ಒಂಬತ್ತು. ಇದೇನ ಸಂತ್ಯಾಗಿನ ಉಳ್ಳಾಗಡ್ಡಿ ರೇಟೇನು?"

ನೀಲಗಂಗಾ ನಕ್ಕುಬಿಟ್ಟಳು. ಅತ್ತೆಯ ಮೊರವನ್ನು ಮುಂದಕ್ಕೆಳೆದುಕೊಂಡಳು.

"ಜೋಳ ಹಸನ ಮಾಡೂಮುಂದ ಕಲ್ಲು ಹಳ್ಳು ಆರಿಸಿ ಒಗೀತೀರಿ. ಅವಸರದಾಗ ಒಂದೀಟು ಒಳ್ಳೆ ಜೋಳನೂ ಅದರ ಜೋಡಿ ಹೋಗ್ತದ, ಹೌದಿಲ್ಲೋ?"

"ಹೋಗ್ತದ. ಕಣ್ಣು ಮಂಜಾಗ್ಯಾವ."

"ಹಳ್ಳು ತುಂಬಿದ ಚೀಲ ಆದ್ರ, ನೀವು ಒಗದದ್ರಾಗ ಹೆಚ್ಚು ಏನಿರ್ತದ?"

"ಹಳ್ಳು."

"ನಾಕೈದ ಹಳ್ಳು ಇರೂ ಚಲೋ ಚೀಲ ಆದ್ರ?"

ಶಿವಲೀಲವ್ವ ಮೊರದ ಅಂಚಿಗೆ ತಳ್ಳಿಟ್ಟ ಚಿಕ್ಕ ಗುಡ್ಡೆಯನ್ನು ಬೆರಳಿನಿಂದ ಕೆದಕಿದರು. ಅದರಲ್ಲಿ ಎರಡು ಕರಿ ಹಳ್ಳು, ಉಳಿದದ್ದೆಲ್ಲ ಜೋಳ.

"ಜೋಳನ ಹೆಚ್ಚು," ಎಂದರು ನಿಧಾನಕ್ಕೆ. "ಕೈ ಅದ, ಕಣ್ಣು ಅದ. ಚೀಲ ಬ್ಯಾರೆ."

"ನಮ್ಮೂರು ಚಲೋ ಚೀಲ ಅತ್ತೀ. ನಾವ ಮತ್ತ ಮತ್ತ ಊದಿಸಿ ಹಳ್ಳಿನ ಚೀಲ ಅನಿಸಿಬಿಟ್ಟೀವಿ."

ಅತ್ತೆಯ ಮುಖದಲ್ಲಿ ಮೊದಲು ಬಂದದ್ದು ಸಂಕಟ. ಊರ ಹೆಂಗಸರೆಲ್ಲ ಕಂಕುಳಲ್ಲಿ ಕೂಸು ಹೊತ್ತು ಓಡಿದ್ದು ಕೂಸುಗಳನ್ನು ಉಳಿಸಿಕೊಳ್ಳಲು, ಆ ಓಟವೇ ಅವುಗಳನ್ನು ವ್ಯಾನಿಗೆ ಹತ್ತಿಸಿತು ಎಂಬುದು ನುಂಗಲು ಸುಲಭದ ಮಾತಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡು ಫೋನು ಹತ್ತಿರ ಹಿಡಿಯೆಂದರು.

ಮರುದಿನ ಬೆಳಿಗ್ಗೆ ಕಸದ ಗಾಡಿ ಓಣಿ ಓಣಿಯಲ್ಲೂ ಕೂಗಿತು: "ಎವ್ವಾ, ನಾ ಗಾಣಿಗೇರ ಓಣಿ ಶಿವಲೀಲವ್ವ. ನನ್ನ ಮೊಮ್ಮಗಳದೂ ಕೆಂಪ ಬಂದೈತಿ. ಇವತ್ತ ಎಲ್ಲಾರೂ ಒಂದ ಸಲ ಊದ್ರಿ, ಒಂದ! ಬೆಳ್ಳಗಾದ್ರೂ ಒಂದ, ಕೆಂಪಾದ್ರೂ ಒಂದ. ಹನುಮಪ್ಪನ್ನ ಕೇಳಿದಂಗ ಕೇಳಬ್ಯಾಡ್ರಿ, ಆ ಗಾಜಿನಾಗ ಅಂವ ಕೂತಿಲ್ಲ. ಇವತ್ತ ಯಾವ ಕೂಸಿಗೂ ವ್ಯಾನ್ ಬರೂದಿಲ್ಲ. ಎರಡನೇ ಸಲ ಊದಿಸಿದವರ ಮನಿಗೆ ನಾನ ಬರ್ತೀನಿ, ನೆನಪಿಟ್ಕೋರಿ!"

ಜನ ನಕ್ಕರು. ನಕ್ಕವರು ಮಾತು ಕೇಳಿದರು. ಗುಡಿಯ ಮುಂದೆ ಎಂದಿನ ಸಾಲು ಇರಲಿಲ್ಲ. ಕೆಂಪಾದ ಮಗುವನ್ನು ಎತ್ತಿಕೊಂಡ ಒಬ್ಬ ತಾಯಿ ಇನ್ನೊಂದು ಕನ್ನಡಿಯತ್ತ ಹೆಜ್ಜೆ ಇಟ್ಟು, ಪಕ್ಕದ ಹೆಂಗಸಿನ ಕಣ್ಣು ತನ್ನ ಮೇಲಿರುವುದನ್ನು ಕಂಡು ಮನೆಯ ದಾರಿ ಹಿಡಿದಳಂತೆ.

ನಿಗಾ ಕೇಂದ್ರದಲ್ಲಿ ನೀಲಗಂಗಾ ಹಳೆಯ ವಾರಗಳ ಲೆಕ್ಕವನ್ನು ಅಂದಾಜಿನಿಂದ ಬಿಡಿಸಿ ಬದಿಗಿಟ್ಟಳು. ಇವತ್ತಿನ ಉಸಿರುಗಳನ್ನಷ್ಟೇ ಎಣಿಸು ಎಂದಳು. ಬಿಸಿಲು ಇಳಿಯುವ ಹೊತ್ತಿಗೆ ಎಣಿಕೆ ಮುಗಿಯಿತು. ನೂರು ಉಸಿರಿಗೆ ಐದೂವರೆ ಕೆಂಪು. ಅದರಲ್ಲಿ ಐದು ಕನ್ನಡಿಯದೇ ತಪ್ಪು, ಉಳಿದ ಅರ್ಧವೇ ಕಾಯಿಲೆ. ಪರದೆಯ ಮೇಲೆ ಎಂಬತ್ತಮೂರು ಒಮ್ಮೆ ಮಿನುಗಿ ಮಾಯವಾಯಿತು. ಆ ಜಾಗದಲ್ಲಿ ಒಂಬತ್ತು ಬಂದು ಕೂತಿತು.

ಇನಾಮದಾರರು ಬೀಗದ ಕೈ ಗೊಂಚಲು ಜೇಬಿನಿಂದ ತೆಗೆದು, ಹನಿ ಪರೀಕ್ಷೆಯ ಬೀರು ತೆರೆಯಲು ತಾವೇ ಹೋದರು.

ಆಮೇಲಿನ ದಿನಗಳು ಬೆರಳು ಚುಚ್ಚಿಸಿಕೊಂಡ ಮಕ್ಕಳ ಅಳುವಿನಲ್ಲೂ ಬಿಡುಗಡೆಯಾದ ಮಕ್ಕಳ ಕೇಕೆಯಲ್ಲೂ ಕಳೆದವು. ಮೊದಲು ಆರೈಕೆ ಮನೆಯಲ್ಲಿದ್ದ ಮಕ್ಕಳು. ಗಾಜಿನ ಗೋಡೆಯ ಈಚೆ ನಿಂತ ತಾಯಂದಿರ ಹೆಸರು ಕೂಗಿ ಕೂಗಿ ಮಕ್ಕಳನ್ನು ಒಪ್ಪಿಸಿದರು. ಒಬ್ಬಳು ಮಗನನ್ನು ಎತ್ತಿಕೊಂಡ ರಭಸಕ್ಕೆ ಚಪ್ಪಲಿ ಅಲ್ಲೇ ಬಿಟ್ಟು ಹೋದಳು. ನಲವತ್ತಕ್ಕೂ ಮೇಲಿದ್ದ ಮಕ್ಕಳಲ್ಲಿ ಕಾಯಿಲೆ ಖಚಿತವಾದದ್ದು ಮೂವರಿಗೆ ಮಾತ್ರ. ಆನಂತರ ಮನೆಯಲ್ಲೇ ಕಾಯುತ್ತಿದ್ದ ಮಕ್ಕಳು. ಒಬ್ಬೊಬ್ಬರಾಗಿ ಅವರಿಗೂ ಕಾಯಿಲೆ ಇಲ್ಲವೆಂದು ಗೊತ್ತಾಯಿತು. ನೀಲಗಂಗಾ ಪ್ರತಿ ಫಲಿತಾಂಶವನ್ನೂ ತಾನೇ ಬರೆದುಕೊಂಡಳು, ಪ್ರತಿ ತಾಯಿಗೂ ತಾನೇ ಫೋನು ಮಾಡಿ ಹೇಳಿದಳು. ಮನೆಯಲ್ಲಿ ಸಂಪಿಯನ್ನು ಒಂದು ಕೋಣೆಯಲ್ಲಿ ಇಟ್ಟು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಉಣಿಸಿ, ಕಥೆ ಹೇಳಿ ಬರುತ್ತಿದ್ದಳು. ಒಂಬತ್ತು ಎಂದರೆ ಹನ್ನೊಂದು ಮಕ್ಕಳಲ್ಲಿ ಒಂದು. ಹತ್ತು ಬಾಗಿಲು ತೆರೆದಿವೆ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದಳು. ಹನ್ನೊಂದನೆಯದು ಇಲ್ಲ ಎಂದು ಮಾತ್ರ ಒಮ್ಮೆಯೂ ಹೇಳಿಕೊಳ್ಳಲಿಲ್ಲ.

ಕಡೆಯ ಹನಿ ಸಂಪಿಗೆಯದು. ಪಾಳಿ ಮುಗಿಸಿ ಬಂದ ಮಹಾಂತೇಶ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಅವಳು ಅಳಲಿಲ್ಲ. "ಡಾಕ್ಟರಜ್ಜಾ, ಇದೂ ಕೆಂಪ ಐತಿ ನೋಡು," ಎಂದು ತನ್ನ ರಕ್ತವನ್ನು ತೋರಿಸಿದಳು. ಎಲ್ಲರೂ ನಕ್ಕರು.

ರಕ್ತದ ಹನಿ ಹಾಕಿದ ಪರೀಕ್ಷೆಯ ಪಟ್ಟಿಯ ಮೇಲೆ ನಿಧಾನವಾಗಿ ಒಂದು ನೀಲಿ ಗೆರೆ ಮೂಡಿತು. ಆ ಗೆರೆ ಮೂಡಬಾರದಾಗಿತ್ತು.

ನಗು ನಿಂತಿತು. ಇನಾಮದಾರರು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು, ಕನ್ನಡಕ ತೆಗೆದು ನೋಡಿದರು. "ತಂಗೀ," ಎಂದರು. ಅವರು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು.

ನೀಲಗಂಗಾ ಪರದೆಯತ್ತ ತಿರುಗಿದಳು. ಕೈ ತಾನಾಗಿ ಎರಡೂ ಪರೀಕ್ಷೆಗಳ ಫಲವನ್ನು ಅಂದಾಜಿಗೆ ಕೊಟ್ಟಿತು. ಕನ್ನಡಿಗೂ ಹನಿಗೂ ಸಂಬಂಧವಿಲ್ಲ. ಒಂದು ಉಸಿರಿನ ವಾಸನೆ ನೋಡುತ್ತದೆ, ಇನ್ನೊಂದು ರಕ್ತ. ಇವು ನಿಜವಾಗಿಯೂ ಎರಡು ಸಾಕ್ಷಿ. ಒಂಬತ್ತು ತೊಂಬತ್ತಾಯಿತು.

ಅವಳ ನಾಲಿಗೆಯ ತುದಿಗೆ ಒಂದು ಮಾತು ಬಂತು: ಇನ್ನೊಮ್ಮೆ ಮಾಡೋಣ. ಈ ಬೆರಳು ಬೇಡ, ಆ ಬೆರಳಿನಿಂದ. ಬಾಗಿಲ ಬಳಿ ನಿಂತ ಅತ್ತೆಯ ತುಟಿಯೂ ಅದೇ ಮಾತಿಗೆ ತೆರೆದದ್ದನ್ನು ಕಂಡಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರೂ ಆಡಲಿಲ್ಲ. ಊರ ಮಕ್ಕಳನ್ನೆಲ್ಲ ಮನೆಗೆ ಕಳಿಸಿದ ಲೆಕ್ಕ ಇದೇ. ಆಗ ನಂಬಿ ಈಗ ನಂಬುವುದಿಲ್ಲ ಎನ್ನಲಾಗದು.

"ಇವತ್ತಿಂದನ ಗುಳಿಗೆ ಸುರು ಮಾಡ್ರಿ ಸರ್," ಎಂದಳು. "ಬೇಗ ಸಿಕ್ಕೈತಿ. ಎದಿ ಇನ್ನೂ ಹಸನೈತಿ. ಗುಣ ಆಗ್ತದ."

"ಆಗ್ತದ," ಎಂದರು ಇನಾಮದಾರರು. "ಆರು ವಾರ. ನೂರಕ್ಕ ನೂರು ಅಂತ ನಾ ಯಾವತ್ತೂ ಹೇಳಿಲ್ಲ. ಇವತ್ತ ಹೇಳ್ತೀನಿ."

ಮಹಾಂತೇಶ ಮಗಳ ಬಟ್ಟೆ ತುಂಬಿದ ಚೀಲ ಹೆಗಲಿಗೆ ಹಾಕಿಕೊಂಡ. ಆರೈಕೆ ಮನೆಯ ಬಾಗಿಲಿನವರೆಗೂ ಸಂಪಿ ಒಂದು ಕೈಯಲ್ಲಿ ಅಪ್ಪನ ಬೆರಳು, ಇನ್ನೊಂದು ಕೈಯಲ್ಲಿ ಅವ್ವನ ಸೆರಗು ಹಿಡಿದು ನಡೆದಳು. ಬಾಗಿಲಲ್ಲಿ ನೀಲಗಂಗಾ ಮಂಡಿಯೂರಿ ಕೂತು ಸೆರಗು ಬಿಡಿಸಿಕೊಳ್ಳಲು ನೋಡಿದಳು. ಪುಟ್ಟ ಮುಷ್ಟಿ ಇನ್ನೂ ಬಿಗಿಯಾಯಿತು.

"ಬಿಡಿಸ್ತೀರಿ ಯಾಕವ್ವಾ?" ಎಂದಳು ಒಳಗಿನಿಂದ ಬಂದ ನರ್ಸು. "ನೀವೂ ಬರ್ರಿ ಒಳಗ. ಮುಂಜಾಗ್ರತೆ ಗುಳಿಗೆ ಕೊಡ್ತೀನಿ, ಮೂಗಿಗೆ ಬಟ್ಟಿ ಕಟ್ಕೋರಿ."

"ತಾಯಂದಿರಿಗೆ ಜಾಗ ಇಲ್ಲಂತ..."

"ಅದು ಆವಾಗ. ಈಗ ನೋಡ್ರಿಲ್ಲೆ."

ನೀಲಗಂಗಾ ಒಳಗೆ ನೋಡಿದಳು. ಉದ್ದನೆಯ ಕೋಣೆ, ಹೊಳೆಯುವ ಪರಸಿಗಲ್ಲಿನ ನೆಲ, ಬರಿದಾದ ಮಂಚಗಳ ಸಾಲು. ಆ ತುದಿಯಲ್ಲಿ ಮೂರು ಮಕ್ಕಳು, ಮೂವರ ಪಕ್ಕದಲ್ಲೂ ಅವರವರ ತಾಯಿ. ಒಬ್ಬಳು ಮಗನಿಗೆ ಅನ್ನ ಕಲಸುತ್ತಿದ್ದಳು. ಇನ್ನೊಬ್ಬಳು ಮಗಳ ತಲೆ ಬಾಚುತ್ತಿದ್ದಳು. ಮೂರನೆಯವಳು ಮಗುವಿನ ಜೊತೆ ತಾನೂ ನಿದ್ದೆ ಹೋಗಿದ್ದಳು.

ಸಂಪಿ ಸೆರಗು ಬಿಟ್ಟು ಓಡಿದಳು. ಕಿಟಕಿಯ ಪಕ್ಕದ ಮಂಚ ಹತ್ತಿ ಕುಣಿದು ನೋಡಿದಳು, ಆಮೇಲೆ ಪಕ್ಕದ ಖಾಲಿ ಮಂಚ ತೋರಿಸಿದಳು.

"ಅವ್ವಾ, ನೀ ಅದರಾಗ ಮಲಗು."

"ಯಾಕ, ಇದರಾಗ ನನಗ ಜಾಗ ಇಲ್ಲೇನು?"

"ನೀ ನಿದ್ದ್ಯಾಗ ಒದೀತಿ."

"ನಾ ಒದೀತೀನೋ ನೀ ಒದೀತಿಯೋ?" ಎಂದಳು ನೀಲಗಂಗಾ. ಖಾಲಿ ಮಂಚದ ಕಾಲು ಹಿಡಿದು ಎಳೆದಳು. ಕಬ್ಬಿಣ ಕಲ್ಲಿನ ಮೇಲೆ ಕಿರ್ರೆಂದಿತು, ನಿದ್ದೆ ಹೋಗಿದ್ದ ತಾಯಿ ಎಚ್ಚರಗೊಂಡು ನೋಡಿ ನಕ್ಕಳು. ಎರಡೂ ಮಂಚ ಒಂದಕ್ಕೊಂದು ತಾಗಿ ನಿಂತವು. ಹಾಸಿಗೆ ಸರಿಮಾಡಿ ಮುಗಿಯುವುದರೊಳಗೆ ಸಂಪಿ ಉರುಳಿ ಬಂದು ಸರಿಯಾಗಿ ನಟ್ಟ ನಡುವೆ ಮಲಗಿದಳು.